ಹಗ್ಗದಾಚೆಯವರ ಫೋಟೊ

ಬಯಲುಸೀಮೆಯ ಗೌನಿಪಲ್ಲಿಯಿಂದ ಬಂದ ಪದ್ಮಶ್ರೀ, ದೂರದ ನದಿದಂಡೆಯಲ್ಲಿ ಹಡಗು ಕಟ್ಟುವ ಕಂಪನಿಯೊಂದರ ಫೋಟೊಗ್ರಾಫರ್. ಬೋರ್‌ವೆಲ್ ನೀರು ಕುಡಿದು ಬೆಳೆದವಳಿಗೆ ಹಡಗೇನು ಗೊತ್ತು ಎಂದವರಿಗೆಲ್ಲ "ಹಡಗು ನೀವೇ ಇಟ್ಕೊಳ್ಳಿ, ನಂಗೆ ಜನ ಸಾಕು" ಎನ್ನುತ್ತಾಳೆ. ಯಾರಿಗೂ ನಗಿ ಎನ್ನುವುದಿಲ್ಲ. "ಅಣ್ಣಾ, ನಾನಿಲ್ಲ ಅಂದ್ಕೊಂಡು ಕೆಲ್ಸ ಮಾಡ್ತಿರಿ" ಎಂದು ವೆಲ್ಡರ್ ಪಕ್ಕ ಕಿಡಿ ಹಾರುವಲ್ಲೇ ಕೂರುತ್ತಾಳೆ. ಅವಳ ದುಪಟ್ಟಾಗಳಲ್ಲಿ ಬಟ್ಟೆಗಿಂತ ತೂತೇ ಹೆಚ್ಚು. ಹಡಗು ನೀರಿಗಿಳಿಯುವ ದಿನ ಕಟ್ಟಿದವರನ್ನು ಹಗ್ಗದಾಚೆ ನಿಲ್ಲಿಸಿ, ಅತಿಥಿಗಳ ಕೈಯಲ್ಲಿ ತೆಂಗಿನಕಾಯಿ ಒಡೆಸುತ್ತಾರೆ. ಸರಿಯಾಗಿ ಆಗಲೇ ಇವಳು ಅತಿಥಿಗಳಿಗೆ ಬೆನ್ನು ತಿರುಗಿಸಿ, ಹಗ್ಗದಾಚೆಗೆ ಕ್ಯಾಮೆರಾ ಹಿಡಿಯುತ್ತಾಳೆ. ಅದಕ್ಕಾಗಿ ಮ್ಯಾನೇಜರ್ ಕೊಟ್ಟ ಮೂರು ನೋಟಿಸುಗಳನ್ನೂ ಮಡಚಿ ಅಲ್ಲಾಡುವ ಮೇಜಿನ ಕಾಲಡಿ ಇಟ್ಟಿದ್ದಾಳೆ. ನಾಲ್ಕನೆಯ ಸಲ ಅವರು ಕರೆಸಿ, "ಕೆಲ್ಸ ಬೇಕೋ ಬೇಡ್ವೋ?" ಎಂದಾಗ ಚೀಲದಿಂದ ಹಳೆಯದೊಂದು ಫೋಟೊ ತೆಗೆದು ಮುಂದಿಟ್ಟಳು. ಊರಿನ ಶಾಲೆಯ ಉದ್ಘಾಟನೆ. ನಡುವೆ ಹಾರ ಹಾಕಿಕೊಂಡ ಗಣ್ಯರು, ಅಂಚಿನಲ್ಲಿ ಸಿಮೆಂಟು ಮೆತ್ತಿದ ಒಂದು ಮೊಣಕೈ. "ಮುಂದಿನ ಹಡಗಿಗೂ ಆ ಕಡೆಗೇ ತಿರುಗ್ತೀನಿ ಸಾರ್. ಈ ಸ್ಕೂಲು ಕಟ್ಟಿದ್ದು ನಮ್ಮಪ್ಪ. ಈಗಿಲ್ಲ. ಅವರ ಫೋಟೊ ಅಂತ ನಮ್ಮನೇಲಿ ಇರೋದು ಈ ಮೊಣಕೈ ಒಂದೇ."