ಸಾವಿನ ಮನೆಯ ಮಾತ್ರೆಗಳು

ಕಳೆದ ವಾರ ಮನೆಗೆ ಬಣ್ಣ ಬಳಿಯಲು ಬಂದವರು ಟರ್ಪಂಟೈನ್ ಡಬ್ಬಿಯ ಮುಚ್ಚಳ ತೆಗೆದರು. ಆ ಘಾಟಿಗೆ ಬೇರೆಯವರಿಗೆ ಹೊಸ ಕಿಟಕಿ, ಹೊಸ ಬಾಗಿಲು ನೆನಪಾಗಬಹುದು. ನನಗೆ ನೆನಪಾಗಿದ್ದು ಒಂದು ನಾಯಿಯ ಕುತ್ತಿಗೆಯ ಹುಣ್ಣು, ಅದರೊಳಗಿಂದ ಒಂದೊಂದಾಗಿ ಹೊರಬರುತ್ತಿದ್ದ ಬಿಳಿ ಹುಳುಗಳು, ಪಕ್ಕದಲ್ಲಿ ಚಿಮಟ ಹಿಡಿದು ಕೂತಿದ್ದ ಟೈಲರ್ ಅಕ್ಕ...

ಸರಸ್ವತಿಪುರಂನ ನಮ್ಮ ಬೀದಿಯ ಮೂಲೆಯಲ್ಲಿ, ಯಾರದೋ ಕಾರ್ ಶೆಡ್ಡಿನಲ್ಲಿ ಅವರ ಹೊಲಿಗೆ ಅಂಗಡಿಯಿತ್ತು. ರವಿಕೆಯನ್ನು ಹೇಳಿದ ದಿನಕ್ಕೆ ಕೊಟ್ಟ ಉದಾಹರಣೆಯೇ ಇಲ್ಲ. ಕೇಳಲು ಹೋದರೆ ಮಷಿನ್ನಿನ ಕೆಳಗೆ ಯಾವುದೋ ಕುಂಟು ನಾಯಿ ಮಲಗಿರುತ್ತಿತ್ತು. ನಮ್ಮ ಲೈನಿಂಗ್ ಬಟ್ಟೆಯ ಚೂರು ಅದರ ಕಾಲಿಗೆ ಪಟ್ಟಿಯಾಗಿರುತ್ತಿತ್ತು. ನಾವು ಬಾಯಿತುಂಬ ಬೈದು ಬರುತ್ತಿದ್ದೆವು, ಮುಂದಿನ ರವಿಕೆಯನ್ನೂ ಅವರಿಗೇ ಕೊಡುತ್ತಿದ್ದೆವು.

ಬೀದಿನಾಯಿಗೆ ಕಾಯಿಲೆ ಬಂದರೆ ಎಲ್ಲಿಗೆ ಹೋಗಬೇಕು? ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವೈದ್ಯರು ನೋಡುತ್ತಿದ್ದರು, ಆದರೆ ಎಷ್ಟೋ ಔಷಧಿಗಳನ್ನು ಹೊರಗಡೆಯೇ ಕೊಳ್ಳಬೇಕಿತ್ತು. ಖಾಸಗಿ ಕ್ಲಿನಿಕ್ಕಿನ ಕಡೆ ಅಕ್ಕ ತಲೆಹಾಕುವಂತಿರಲಿಲ್ಲ. ಪ್ರಾಣಿಗಳನ್ನು ಸಾಕುವ ಸಂಘದವರು ಜಾಗವಿಲ್ಲ ಎನ್ನುತ್ತಿದ್ದರು. ಆಟೋದವರು ನಾಯಿಯನ್ನು ಕಂಡೊಡನೆ ವೇಗ ಹೆಚ್ಚಿಸುತ್ತಿದ್ದರು. ಹೀಗಾಗಿ ಅಕ್ಕ ತಮ್ಮದೇ ಒಂದು ದಾರಿ ಹುಡುಕಿಕೊಂಡಿದ್ದರು. ಯಾರಾದರೂ ಕಾಯಿಲೆ ಬಿದ್ದು ತೀರಿಕೊಂಡರೆ, ತಿಥಿ ಮುಗಿದ ಮಾರನೆಯ ದಿನ ಆ ಮನೆಯ ಬಾಗಿಲಲ್ಲಿ ಚೀಲ ಹಿಡಿದು ನಿಲ್ಲುತ್ತಿದ್ದರು.

"ಉಳ್ದಿರೋ ಮಾತ್ರೆ, ಅತ್ತಿ, ಬ್ಯಾಂಡೇಜು ಇದ್ರೆ ಕೊಟ್ಬುಡಿ ಕಣ್ರೀ. ಮೂಕಪ್ರಾಣಿಗಾಯ್ತದೆ."

ಕೆಲವರು ಕೊಡುತ್ತಿದ್ದರು. ಕೆಲವರು ಮುಖದ ಮೇಲೆ ಬಾಗಿಲು ಹಾಕಿ, ಒಳಗಿನಿಂದ ರಣಹದ್ದು ಎನ್ನುತ್ತಿದ್ದರು. ಅಕ್ಕ ಆ ಚೀಲವನ್ನು ಪಶುವೈದ್ಯರ ಮೇಜಿನ ಮೇಲೆ ಸುರಿಯುತ್ತಿದ್ದರು. ವೈದ್ಯರು ನಾಯಿಗೆ ಆಗುವುದನ್ನು ಆರಿಸಿಟ್ಟು, ಆಗದ್ದನ್ನು ಕಸಕ್ಕೆ ಹಾಕುತ್ತಿದ್ದರು. ಬೀದಿಯವರು ಕಂಡಿದ್ದು ಚೀಲವನ್ನು ಮಾತ್ರ. ಆ ಮೇಜು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಮ್ಮಪ್ಪ ತೀರಿಕೊಂಡಾಗಲೂ ಅಕ್ಕ ಬಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಮಾತ್ರ ಕಣ್ಣೊರೆಸಿಕೊಂಡು ಎಲ್ಲವನ್ನೂ ಚೀಲಕ್ಕೆ ತುಂಬಿಕೊಟ್ಟಳು. ಅಪ್ಪನ ಸೊಂಟನೋವಿನ ಮಾತ್ರೆಗಳು ತನ್ನ ಮಂಡಿಗೂ ಆಗುತ್ತವೆಂದು ಅವನ್ನಷ್ಟೇ ಇಟ್ಟುಕೊಂಡಳು.

ಆಮೇಲೆ ಅಮ್ಮನ ಜೀವಕ್ಕೆ ಜೊತೆಯಾಗಿದ್ದು ಬೆಲ್ಲ. ನಮ್ಮ ಗೇಟಿನ ಮುಂದೆ ಮಲಗುತ್ತಿದ್ದ ಕಂದು ಬಣ್ಣದ ಹೆಣ್ಣುನಾಯಿ. ಅದರ ಕುತ್ತಿಗೆಯಲ್ಲೇ ಹುಳು ಬಿದ್ದಿದ್ದು. ಅಕ್ಕ ದಿನವೂ ಬಂದು ಟರ್ಪಂಟೈನ್ ಹನಿಸಿ, ಹುಳು ತೆಗೆದು, ಮುಲಾಮು ಹಚ್ಚುತ್ತಿದ್ದರು. ಬೆಲ್ಲ ಉಳಿಯುತ್ತದೋ ಇಲ್ಲವೋ ಎನ್ನುವುದೇ ನಮ್ಮ ಮನೆಯ ದೊಡ್ಡ ಚಿಂತೆಯಾಗಿತ್ತು. ಕೊನೆಗೆ ಗಾಯ ಒಣಗಿ ಹೊಸ ಚರ್ಮ ಕಾಣಿಸಿತು. ಇನ್ನೇನೂ ಭಯವಿಲ್ಲ ಎಂದು ಹೇಳಿ ಅಕ್ಕ ನಂಜನಗೂಡಿನ ತಂಗಿಯ ಮನೆಗೆ ಹೋದರು.

ಅವರು ವಾಪಸು ಬರುವಷ್ಟರಲ್ಲಿ ಬೆಲ್ಲ ರಕ್ತ ಕಾರುತ್ತಿತ್ತು. ನಾನೂ ಅಕ್ಕನೂ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದೆವು. ಮನುಷ್ಯರ ನೋವಿನ ಮಾತ್ರೆ ಏನಾದರೂ ಕೊಟ್ಟಿರಾ, ಹೊಟ್ಟೆಯೊಳಗೆ ಹುಣ್ಣಾಗಿ ಒಡೆದಂತಿದೆ ಎಂದರು ವೈದ್ಯರು. ನಾವಿಬ್ಬರೂ ಇಲ್ಲವೆಂದೆವು. ಬೆಲ್ಲ ಅಲ್ಲೇ, ನಮ್ಮೆದುರಿಗೇ ಹೋಯಿತು...

ಮನೆಗೆ ಬಂದಾಗ ಅಮ್ಮ ಗೇಟಿನಲ್ಲೇ ಕಾಯುತ್ತಿದ್ದಳು. "ನೀವು ಹೋದ್ಮೇಲೆ ಗಾಯ ಎಳೀತಿತ್ತೋ ಏನೋ, ರಾತ್ರಿಯೆಲ್ಲಾ ನರಳ್ತಿತ್ತು ಕಣ್ರೀ. ನೋಡೋಕಾಗ್ದೆ ಇವ್ರ ಸೊಂಟನೋವಿನ ಮಾತ್ರೇನ ಮೊಸರನ್ನದಲ್ಲಿ ಕಲ್ಸಿ ಎರಡು ಹೊತ್ತೂ ಕೊಟ್ಟೆ. ಆದ್ರೂ ಉಳೀಲಿಲ್ವಾ?"

ಅಕ್ಕ ಆ ಮಾತ್ರೆಯ ಹಾಳೆಯನ್ನು ಕೇಳಿ ಪಡೆದು ನೋಡಿದರು. ಅವರ ಮುಖ ನೋಡಿಯೇ ನನಗೆ ಅರ್ಥವಾಯಿತು. ಅಮ್ಮನಿಗೂ ಅರ್ಥವಾಗಿಬಿಟ್ಟರೆ ಏನು ಗತಿ ಎಂದುಕೊಂಡೆ.

"ಉಣ್ಣು ಒಳ್ಗೇ ಕೊಳ್ತೋಗಿತ್ತು ಕಣಮ್ಮ," ಎಂದರು ಅಕ್ಕ. "ನಿಮ್ ಮಾತ್ರೆಯಿಂದ ಕೊನೇಲಿ ನೋವಿಲ್ದೆ ಓಯ್ತು. ಅಷ್ಟಾದ್ರೂ ಪುಣ್ಯ."

ಅಂಥ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಅಮ್ಮ ಕೊಟ್ಟ ಕಾಫಿ ಕುಡಿದು ಹೋಗುವಾಗ ನನ್ನ ಮೊಣಕೈ ಹಿಡಿದು, ಹೇಳಬೇಡ ಎನ್ನುವಂತೆ ತಲೆಯಾಡಿಸಿದರು. ಅಂದಿನಿಂದ ಅವರು ಯಾವ ಸಾವಿನ ಮನೆಯ ಬಾಗಿಲಲ್ಲೂ ಚೀಲ ಹಿಡಿದು ನಿಲ್ಲಲಿಲ್ಲ. ಮಷಿನ್ನಿನ ಕೆಳಗೆ ನಾಯಿಗಳು ಬರುತ್ತಲೇ ಇದ್ದವು, ಹೆಚ್ಚಿನವು ಉಳಿಯುತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಶೆಡ್ಡು ಕೆಡವಿದರು. ಅಕ್ಕ ನಂಜನಗೂಡಿನ ತಂಗಿಯ ಮನೆ ಸೇರಿದರು, ಅಲ್ಲೇ ತೀರಿಕೊಂಡರು. ನಮಗೆ ಸುದ್ದಿ ಮುಟ್ಟಿದ್ದು ತಿಥಿಯೂ ಕಳೆದ ಮೇಲೆ.

ಇದೆಲ್ಲ ಅಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಬಣ್ಣದವರು ಕೆಲಸ ಮಾಡುತ್ತಿದ್ದ ದಿನವೇ ಮಹಡಿ ಮನೆಯ ಬಾಡಿಗೆ ಹುಡುಗಿ, ಬೈಕಿಗೆ ಸಿಕ್ಕ ನಾಯಿಮರಿಯನ್ನು ಎತ್ತಿಕೊಂಡು ಬಂದಳು. ಕಡಿಮೆಯಲ್ಲಿ ಎಲ್ಲಿ ತೋರಿಸಬಹುದು ಆಂಟಿ ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಒಳಗೆ ಹೋಗಿ ತನ್ನ ಮಂಡಿನೋವಿನ ಮಾತ್ರೆ ತಂದಳು.

"ಅರ್ಧ ಕೊಡಮ್ಮ, ನರಳಾಟ ನಿಲ್ಲತ್ತೆ. ನಮ್ ಬೆಲ್ಲಂಗೂ ಇದನ್ನೇ ಕೊಟ್ಟಿದ್ದೆ."

ನಾನು ಆ ಮಾತ್ರೆಯನ್ನು ಅಮ್ಮನ ಕೈಯಿಂದ ಕಿತ್ತುಕೊಂಡೆ. ಹುಡುಗಿಯನ್ನು ಆಟೋ ಹತ್ತಿಸಿ ಪಶು ಆಸ್ಪತ್ರೆಗೆ ಕಳಿಸಿ ಬಂದು, ಅಮ್ಮನ ಪಕ್ಕ ಕೂತು ನಿಜ ಹೇಳಿದೆ. ಹೇಳದೆ ಬೇರೆ ದಾರಿಯಿರಲಿಲ್ಲ. ಅಮ್ಮ ಮೊದಲು ಕೇಳಿದ್ದು ಅಕ್ಕನ ಬಗ್ಗೆ.

"ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಗೊತ್ತಿದ್ದೂ ಅವತ್ತು ನನ್ ಕೈಲಿ ಕಾಫಿ ಇಸ್ಕೊಂಡು ಕುಡುದ್ರಲ್ಲೇ..."