ಜೆಟ್ಟಿಗೂ ಬೋಟಿಗೂ ನಡುವೆ

ಎರ್ನಾಕುಲದಿಂದ ವಲ್ಲಾರ್ಪಾಡಂಗೆ ಇನ್ನೂ ಸೇತುವೆ ಆಗಿರದ ಕಾಲ. ಈಗ ಕಂಟೇನರ್ ಲಾರಿಗಳು ಸಾಲುಗಟ್ಟಿ ಓಡುವ ಆ ದ್ವೀಪದಲ್ಲಿ ಆಗ ತೆಂಗಿನ ಮರಗಳು, ಸೀಗಡಿ ಹೊಂಡಗಳು, ಬಿಟ್ಟರೆ ಪಟ್ಟಣಕ್ಕೆ ಹೋಗಿಬರುವ ಬೋಟು. ಮೈಸೂರಿನಿಂದ ವರ್ಗವಾಗಿ ಬಂದ ಅಪ್ಪನಿಗೆ ಬ್ಯಾಂಕು ಎರ್ನಾಕುಲದಲ್ಲಿ, ನಮ್ಮ ಶಾಲೆಯೂ ಅಲ್ಲೇ, ಮನೆ ದ್ವೀಪದಲ್ಲಿ. ಪಟ್ಟಣದಲ್ಲಿ ನೋಡಿದ ಮನೆಗಳಿಗೆಲ್ಲ ಮೆಟ್ಟಿಲುಗಳಿದ್ದವು, ಈ ಮನೆಗೆ ಒಂದೂ ಇರಲಿಲ್ಲ. ಚಿಕ್ಕಂದಿನಲ್ಲಿ ಬಂದ ಪೋಲಿಯೊದಿಂದಾಗಿ ಅಪ್ಪನ ಬಲಗಾಲಿಗೆ ಬೆಲ್ಟಿನಿಂದ ಕಟ್ಟುವ ಕಬ್ಬಿಣದ ಆಸರೆ, ಕ್ಯಾಲಿಪರ್, ಎರಡೂ ಕಂಕುಳಿಗೆ ಊರುಗೋಲು. ಮೆಟ್ಟಿಲು ತಪ್ಪಿಸಿಕೊಳ್ಳಲು ಹೋಗಿ ನೀರನ್ನು ಗಂಟು ಹಾಕಿಕೊಂಡಿದ್ದೆವು.

ನಮ್ಮದು ಶಿಸ್ತಿನ ಮನೆ. ಬೆಳಿಗ್ಗೆ ಸ್ನಾನ, ಪಕ್ಕದ ಮನೆಯ ಚೇಚ್ಚಿಯಿಂದ ಅಮ್ಮ ಕಲಿತ ಪುಟ್ಟು, ಕಡಲೆ. ಆಮೇಲೆ ಕ್ಯಾಲಿಪರಿನ ಬೆಲ್ಟು ಬಿಗಿಯುವುದು ನನ್ನ ಕೆಲಸ, ಊರುಗೋಲಿನ ತುದಿಯ ರಬ್ಬರು ಸವೆದಿದೆಯೇ ಎಂದು ನೋಡುವುದು ತಮ್ಮ ಸುಧಿಯ ಕೆಲಸ. ಅಮ್ಮ ಜೆಟ್ಟಿಗೆ ಬರುತ್ತಿರಲಿಲ್ಲ. ಒಮ್ಮೆ ಬಂದಿದ್ದಳು. ಅಂದೇ ಅಪ್ಪ, "ನಿನ್ನ ಮುಖ ನೋಡಿದ್ರೆ ಮಕ್ಕಳಿಗೂ ಭಯ ಆಗತ್ತೆ, ನೀನು ಮನೇಲೇ ಇರು" ಎಂದಿದ್ದರು.

ಬೋಟು ಹತ್ತಲೂ ಒಂದು ಕ್ರಮವಿತ್ತು. ಸುಧಿ ಮೊದಲು ಒಳಕ್ಕೆ ಹಾರಿ ಕಂಬ ತಬ್ಬಿ ನಿಲ್ಲಬೇಕು. ನಾನು ಜೆಟ್ಟಿಯ ಮೇಲೆ ಅಪ್ಪನ ಎಡಗಡೆ ನಿಂತು ಆ ಕಡೆಯ ಊರುಗೋಲು ಇಸಿದುಕೊಂಡು ಭುಜ ಕೊಡಬೇಕು. ಅಪ್ಪ ಬಲ ಊರುಗೋಲನ್ನು ಬೋಟಿನೊಳಗೆ ಊರಿ, ಕಬ್ಬಿಣದ ಕಾಲನ್ನು ದಾಟಿಸಿ, ಕೊನೆಗೆ ಎಡಗೈಯನ್ನು ನನ್ನ ಭುಜದಿಂದ ಸುಧಿಯ ಭುಜಕ್ಕೆ ಸಾಗಿಸುತ್ತಿದ್ದರು. ನಾವು ಅವರನ್ನು ಹಿಡಿಯುವಂತಿಲ್ಲ. ಯಾರಾದರೂ ಹಿಡಿದರೆ ಅವರ ತೂಕ ತಪ್ಪುತ್ತಿತ್ತು. "ನಾನು ನಿಮ್ಮನ್ನ ಹಿಡ್ಕೋತೀನಿ, ನೀವು ಗೋಡೆ ಹಾಗೆ ನಿಂತಿರಿ" ಎನ್ನುತ್ತಿದ್ದರು.

ಆ ಕೈ ನನ್ನನ್ನು ಬಿಟ್ಟು ಸುಧಿಯನ್ನು ಮುಟ್ಟುವವರೆಗೆ ಅಪ್ಪ ಯಾರ ಮೇಲೂ ಇರುತ್ತಿರಲಿಲ್ಲ. ಕೆಳಗೆ ಸಂದಿಯಲ್ಲಿ ಹಸಿರು ನೀರು ಏಳುತ್ತಿತ್ತು, ಬೀಳುತ್ತಿತ್ತು. ಕಬ್ಬಿಣ ಕಟ್ಟಿಕೊಂಡವರು ನೀರಿಗೆ ಬಿದ್ದರೆ ಮೇಲೆ ಬರುವುದಿಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೋಟಿಗೆ ಕಾಯುವಾಗ ಸುಧಿ ತೇಲಿಬರುವ ಪಾಯಲ್ ಎಂಬ ನೀರಗಿಡದ ಗೊಂಚಲುಗಳನ್ನು ನೋಡುತ್ತ, ಯಾವುದು ಮೊದಲು ಕಂಬ ಮುಟ್ಟುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದ. ನಾನು ಆಡುತ್ತಿರಲಿಲ್ಲ. ಆ ಗೊಂಚಲುಗಳು ಎಷ್ಟು ಬೇಗ ಕಣ್ಮರೆಯಾಗುತ್ತವೆ ಎನ್ನುವುದಷ್ಟೇ ನನಗೆ ಕಾಣುತ್ತಿತ್ತು.

ಅದು ಮಳೆಗಾಲ, ಶಾಲೆ ಆಗಷ್ಟೇ ಶುರುವಾಗಿತ್ತು. ಇಳಿತದ ನೀರು. ಬೋಟು ಜೆಟ್ಟಿಗಿಂತ ಬಹಳ ಕೆಳಗೆ ನಿಂತು ಕುಲುಕುತ್ತಿತ್ತು. ಡೀಸೆಲ್ ವಾಸನೆ, ಒದ್ದೆ ಹಗ್ಗದ ವಾಸನೆ. ಅಪ್ಪ ಊರುಗೋಲು ಊರಿದರು, ಕಾಲು ದಾಟಿಸಿದರು, ಕೈ ನನ್ನ ಭುಜ ಬಿಟ್ಟಿತು. ಆಗಲೇ ಹಿಂದಿದ್ದ ಒಬ್ಬ ಗಂಡಸು, ದ್ವೀಪಕ್ಕೆ ಹೊಸಬ, ಪಾಪ ಒಳ್ಳೆಯ ಮನಸ್ಸಿನಿಂದಲೇ, "ಸಾರೇ, ಞಾನ್ ಪಿಡಿಕ್ಕಾಂ", ನಾನು ಹಿಡಿದುಕೊಳ್ಳುತ್ತೇನೆ ಎಂದು ಅಪ್ಪನ ಬಲತೋಳನ್ನು ಗಟ್ಟಿಯಾಗಿ ಹಿಡಿದುಬಿಟ್ಟ.

ಊರುಗೋಲು ಜಾರಿ ಸಂದಿಗೆ ಬಿತ್ತು. ಅಪ್ಪನ ಮೈ ಹಿಂದಕ್ಕೆ ವಾಲಿತು. ಅವನು ಎಳೆದಷ್ಟೂ ಅಪ್ಪ ಬೀಳುವುದು ನೀರಿಗೆ. ಬಿಟ್ಟರೆ ಮುಂದಕ್ಕೆ, ಬೋಟಿನೊಳಕ್ಕೆ.

"ವಿಡ್!" ಎಂದು ಚೀರಿದೆ. "ಕೈ ವಿಡ್, ಬಿಡು!"

ದೊಡ್ಡವರೆದುರು ದನಿ ಎತ್ತಬಾರದೆಂದು ಬೆಳೆದವಳು ನಾನು. ಅವನು ಬೆಚ್ಚಿ ಕೈ ಬಿಟ್ಟ. ಅಪ್ಪ ಅಷ್ಟೂ ಭಾರ ಬಿಟ್ಟು ಸುಧಿಯ ಮೇಲೆ ಬಿದ್ದರು. ಸುಧಿ ಪಕ್ಕಕ್ಕೆ ಸರಿಯಲಿಲ್ಲ. ಇಬ್ಬರೂ ಒಳಗೇ ಉರುಳಿದರು. ಅದರ ಬೆನ್ನಿಗೇ ಬೋಟು ಜೆಟ್ಟಿಗೆ ಬಡಿದು, ನಡುವೆ ಸಿಕ್ಕ ಊರುಗೋಲು ಲಟಕ್ಕನೆ ಮುರಿಯಿತು. ಮರ ಮುರಿದದ್ದೆಂದು ತಿಳಿದೂ ನನಗೆ ಅಳು ನಿಲ್ಲಲಿಲ್ಲ.

ಬೆಂಚಿಗೆ ಏರಿ ಕುಳಿತ ಮೇಲೆ ಅಪ್ಪ ಮೊದಲು ಸುಧಿಯ ತಲೆ ತಡವಿ ನೋಡಿದರು. ಆ ಮನುಷ್ಯ ಪೆಚ್ಚಾಗಿ, ಸಹಾಯ ಮಾಡಲು ಹೋದೆನಲ್ಲ ಮಗಳೇ ಎಂದು ನನಗೇ ಸಮಾಧಾನ ಹೇಳುತ್ತಿದ್ದ. ಅಪ್ಪ ತಮ್ಮ ಹರಕುಮುರುಕು ಮಲಯಾಳದಲ್ಲಿ ಪರವಾಗಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಅವರ ಹತ್ರ ಕ್ಷಮೆ ಕೇಳು."

ಕೇಳಿದೆ.

"ನಾಳೆ ಯಾರಾದ್ರೂ ಹಿಡಿದ್ರೆ, ಹೀಗೇ ಕೂಗು."

ಪಟ್ಟಣ ಬರುವವರೆಗೂ ಅವರು ನನ್ನ ಭುಜ ಬಿಡಲಿಲ್ಲ, ಬೋಟು ಹತ್ತುವಾಗ ಹಿಡಿಯುವುದಕ್ಕಿಂತ ಬಿಗಿಯಾಗಿ ಹಿಡಿದಿದ್ದರು. ಅಲ್ಲಿಯವರೆಗೆ ಭಯ ನನ್ನೊಬ್ಬಳದೇ ಎಂದುಕೊಂಡಿದ್ದೆ. ಇಬ್ಬರದೂ ಎಂದು ತಿಳಿದ ಮೇಲೆ ಅದು ಇನ್ನೂ ದೊಡ್ಡದಾಯಿತು.

ಹೊಸ ಊರುಗೋಲಿನೊಂದಿಗೆ ಮರುದಿನವೂ ಹೋದೆವು. ಆ ಮಳೆಗಾಲವಿಡೀ ಹೋದೆವು, ಮುಂದಿನ ವರ್ಷವೂ. ಆಮೇಲೆ ತಿರುವನಂತಪುರಕ್ಕೆ ವರ್ಗವಾಯಿತು. ಬ್ಯಾಂಕಿನ ಬೀದಿಯಲ್ಲೇ ಮನೆ, ನೆಲ ಸಮ, ನಡುವೆ ನೀರಿಲ್ಲ. ಅಪ್ಪ ಒಬ್ಬರೇ ಹೋಗಿ ಒಬ್ಬರೇ ಬರತೊಡಗಿದರು. ಅಮ್ಮನ ಮುಖ ತಿಳಿಯಾಯಿತು. ನಾನೂ ಸುಧಿಯೂ ಎಲ್ಲ ಅಕ್ಕತಮ್ಮಂದಿರ ಹಾಗೆ ಜಗಳಾಡಲು ಶುರುಮಾಡಿದೆವು. ಬಹಳ ವರ್ಷಗಳ ನಂತರ, ಅದೇ ಮನೆಯ ಹಾಸಿಗೆಯಲ್ಲಿ, ಅಪ್ಪ ನಿದ್ದೆಯಲ್ಲೇ ಹೋದರು.

ಈಗ ನಾನಿರುವುದು ಎರ್ನಾಕುಲದ ಪಕ್ಕದ ಕಾಕ್ಕನಾಡಿನಲ್ಲಿ. ಹೋದ ತಿಂಗಳು ಹೊಸ ಬೋಟಿನಲ್ಲಿ ಹೋಗಿದ್ದೆ. ನೀರು ಏರಿದರೆ ಈಗಿನ ತೇಲುವ ಜೆಟ್ಟಿಯೂ ಏರುತ್ತದೆ, ಇಳಿದರೆ ತಾನೂ ಇಳಿಯುತ್ತದೆ. ಗಾಲಿಕುರ್ಚಿಯಲ್ಲಿದ್ದ ಒಬ್ಬರು ಯಾರ ಹಂಗೂ ಇಲ್ಲದೆ ಉರುಳಿಸಿಕೊಂಡು ಒಳಗೆ ಬಂದರು. ಜೊತೆಗಿದ್ದ ಮಕ್ಕಳು ಅವರ ಕಡೆ ತಿರುಗಿಯೂ ನೋಡದೆ ಕಿಟಕಿಯ ಸೀಟಿಗೆ ಓಡಿದವು. ಹಾಗೇ ಇರಬೇಕು.

ರಾತ್ರಿ ಸುಧಿಗೆ ಫೋನಿನಲ್ಲಿ ಹೇಳಿದೆ.

"ಸಂದಿ ಎಷ್ಟಿದೆ ಅಕ್ಕಾ?" ಎಂದು ಕೇಳಿದ.

"ಇಲ್ಲವೇ ಇಲ್ಲ ಕಣೋ."

ಅಪ್ಪ ಸಂದಿ ದಾಟುವವರೆಗೆ ನಾವಿಬ್ಬರೂ ಹಿಡಿದಿರುತ್ತಿದ್ದ ಆ ಉಸಿರನ್ನು ಈಗ ಯಾರಿಗಾಗಿಯೂ ಹಿಡಿಯಬೇಕಿಲ್ಲ.