ಬಳ್ಳಿ ಕಟ್ಟಿದ ಹೀಟರ್

ಪಕ್ಕದ ಮನೆಯ ಅಕ್ಕ ಏನು ಕೊಳ್ಳುವಾಗಲೂ ಬೆರಳ ಗೆಣ್ಣಿನಿಂದ ಬಡಿದು, "ಬಾಳಿಕೆ ಬರ್ತದಾ ಮಾರಾಯ?" ಎನ್ನುತ್ತಿದ್ದರು. ಬಚ್ಚಲಿಗೆ ಹೀಟರ್ ತರಲು ಕೊಪ್ಪಕ್ಕೆ ಹೊರಟಾಗ ನಾನೂ ಜೊತೆಗಿದ್ದೆ. ದೀಪಾವಳಿಯ ಸ್ನಾನಕ್ಕೆ ಹಂಡೆಯ ನೀರೇ ಆಗಬೇಕೆಂದು ಅವರ ಅತ್ತೆ ಹಟ ಹಿಡಿದಿದ್ದರು.

ಅಂಗಡಿಯವರು ತೆಳ್ಳನೆಯ ಚೌಕದ ಹೀಟರನ್ನು ಹೊಗಳಿದರು. ಅಕ್ಕ ಉರುಟಾದ, ದಪ್ಪ ತಗಡಿನ ಒಂದನ್ನು ಬಡಿದು, ಅದರ ಹೊಟ್ಟೆಗೆ ಕೈ ಬಳಸಿ ನೋಡಿದರು. "ಇದೇ ಇರ್ಲಿ. ಬಳ್ಳಿ ಕಟ್ಟಕ್ಕೂ ಆಗ್ತದೆ."

ನೀರು ತುಂಬುವ ಹಬ್ಬದ ಸಂಜೆ, ಪೂಜೆಗೆಂದು ಹಂಡೆಗೆ ಕಟ್ಟುವ ಹಿಂಡಲೆಕಾಯಿ ಬಳ್ಳಿಯನ್ನು ಅಕ್ಕ ಸ್ಟೂಲು ಹತ್ತಿ ಹೀಟರಿಗೆ ಸುತ್ತಿದರು. ಸುಣ್ಣದ ಪಟ್ಟೆಯನ್ನೂ ಎಳೆದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಮರುದಿನ ಎಣ್ಣೆ ಹಚ್ಚಿಕೊಂಡು ಬಚ್ಚಲು ಸೇರಿದ ಅತ್ತೆ ಎಷ್ಟು ಹೊತ್ತಾದರೂ ಹೊರಗೆ ಬರಲೇ ಇಲ್ಲ. ಅಕ್ಕ ಬಾಗಿಲು ಬಡಿದರು.

ಒಳಗಿನಿಂದ ಅತ್ತೆ ಕೂಗಿದರು: "ಎಂತ ಅವಸರ ಮಾರಾಯ್ತಿ! ಹಂಡೆ ಇನ್ನೂ ಖಾಲಿಯಾಗ್ಲಿಲ್ಲ!"